ಬಲಗೈ ಮೊದಲು

ಈಜು ಶಿಬಿರ, ಬೆಂಗಳೂರು
14 ಮೇ 2025

ಶಾಂತ,

ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ ಅಂತ ಗೊತ್ತಾಗೋಕೆ ನನಗೆ ಎರಡು ವಾರ ಬೇಕಾಯಿತು. ಮೊದಲು ಮುಳ್ಳೂರಲ್ಲಿ ಸಿಗ್ನಲ್ ಇಲ್ಲ ಅಂದುಕೊಂಡೆ. ಆಮೇಲೆ ಫೋನ್ ಹೊಳೆಗೆ ಬಿದ್ದಿರಬೇಕು ಅಂದುಕೊಂಡೆ, ಒಂದು ಸಲ ಬೀಳಿಸಿದ್ದೆಯಲ್ಲ. ನಿನ್ನೆ ನನ್ನ ತಂಗಿ ಮಧುಶ್ರೀ ಕೈಲಿ ಮಾಡಿಸಿದರೆ ಮೊದಲ ರಿಂಗಿಗೇ ಎತ್ತಿ ಅವಳ ಪರೀಕ್ಷೆ ಹೇಗಾಯಿತು ಅಂತ ಕೇಳಿದೆಯಂತೆ. ಹಾಗಾಗಿ ಈ ಕಾಗದ. ಅಂಚೆಯವನನ್ನು ಬ್ಲಾಕ್ ಮಾಡೋಕೆ ಆಗಲ್ಲ.

ನಿನಗೆ ಬೇಜಾರಾಗಿದೆ ಅಂತ ಗೊತ್ತು. ನನಗೂ ಆಗುತ್ತಿತ್ತು. ಐವತ್ತು ಮೀಟರ್ ಬಟರ್‌ಫ್ಲೈಗೆ ಭಾರತದ ತಂಡದಲ್ಲಿ ಇರೋದು ಒಂದೇ ಜಾಗ. ಆ ಒಂದು ಜಾಗಕ್ಕೆ ಒಂದೇ ಊರಿನ ಇಬ್ಬರು ಅಕ್ಕಪಕ್ಕದ ಲೇನಿನಲ್ಲಿ ನಿಂತಿದ್ದೇ ದೊಡ್ಡದು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಏಪ್ರಿಲ್ ಇಪ್ಪತ್ತೇಳನೇ ತಾರೀಕಿನ ಆಯ್ಕೆ ಸ್ಪರ್ಧೆಯ ಪಟ್ಟಿ ಇಲ್ಲಿ ಗೋಡೆಗೆ ಇನ್ನೂ ಅಂಟಿಸಿದೆ. ಬಸವೇಶ 24.31, ಶಾಂತರಾಜು 24.36. ಸೆಕೆಂಡಿನ ನೂರು ಪಾಲಿನಲ್ಲಿ ಐದು ಪಾಲು. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟಕ್ಕೆ ಹನ್ನೊಂದು ವರ್ಷದ ಸ್ನೇಹ ಬಿಡುತ್ತಾರೇನೋ?

ಆಗಸ್ಟ್ ಕೊನೆಗೆ ಬ್ಯಾಂಕಾಕಿನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ. ನಿನ್ನ ಹೆಸರೂ ಕಾಯ್ದಿರಿಸಿದ ಪಟ್ಟಿಯಲ್ಲಿದೆ. ನನಗೆ ಜ್ವರ ಬಂದರೆ ನೀನೇ ವಿಮಾನ ಹತ್ತಬೇಕು, ಅದಕ್ಕೆ ಈಜು ಬಿಡಬೇಡ. ಇಲ್ಲಿ ಬೆಳಿಗ್ಗೆ ಆರು ಮೊಟ್ಟೆ ಕೊಡುತ್ತಾರೆ. ಲಿಂಗ ಕಟ್ಟಿದ ಹುಡುಗನಿಗೆ ಮೊಟ್ಟೆ ಬೇಡ ಅಂದರೆ ಅಡುಗೆಯವನು ಆರು ಬಾಳೆಹಣ್ಣು ಕೊಟ್ಟು ಲೆಕ್ಕ ಸರಿಮಾಡುತ್ತಾನೆ. ನಿನ್ನ ಪಾಲಿನ ಮೊಟ್ಟೆ ವ್ಯರ್ಥವಾಗುತ್ತಿದೆ ಅಂತ ದಿನಾ ಅನ್ನಿಸುತ್ತೆ.

ಏನಾಯಿತು ಅಂತ ಒಂದು ಸಾಲು ಬರಿ.

ನಿನ್ನ
ಬಸವೇಶ


ಮುಳ್ಳೂರು
29 ಮೇ 2025

ಬಸವೇಶ,

ಕಾಗದ ಬಂತು. ಅಂಚೆ ಕೆಂಪನಂಜಪ್ಪ ನನಗೆ ಕೊಡೋಕೆ ಮುಂಚೆ ಬೀದಿಯ ನಾಲ್ಕು ಜನಕ್ಕೆ ತೋರಿಸಿದ. ಈ ಕಾಲದಲ್ಲಿ ಕಾಗದ ಬರೆಯುವವರು ಕೋರ್ಟಿನವರು ಮಾತ್ರ ಅಂತ ನಮ್ಮವ್ವ ಹೆದರಿಕೊಂಡಿದ್ದಳು.

ಐದು ಪಾಲಿಗೆ ನಾನು ಸ್ನೇಹ ಬಿಡಲ್ಲ. ಸೋತಿದ್ದಕ್ಕೆ ಬ್ಲಾಕ್ ಮಾಡುವವನಾಗಿದ್ದರೆ ಎಂಟನೇ ಕ್ಲಾಸಿನಲ್ಲೇ ಮಾಡಬೇಕಿತ್ತು. ನಿನಗೆ ಸೋತು ಸೋತು ನನಗೆ ಅಭ್ಯಾಸ ಇದೆ.

ಒಂದು ಸಾಲು ಕೇಳಿದ್ದೀಯ, ಬರೆಯುತ್ತೇನೆ. ನೀನು ನಾಲ್ಕನೇ ಲೇನ್, ನಾನು ಐದನೇ ಲೇನ್. ನನ್ನ ಎರಡು ಕೈ ಗೋಡೆ ಮುಟ್ಟಿದಾಗ ನಿನ್ನ ಬಲಗೈ ಅಲ್ಲಿತ್ತು. ಎಡಗೈ ಇರಲಿಲ್ಲ. ಅದು ಆಮೇಲೆ ಬಂತು.

ಬಟರ್‌ಫ್ಲೈನಲ್ಲಿ ಎರಡು ಕೈ ಒಟ್ಟಿಗೇ ಮುಟ್ಟಬೇಕು, ಇಲ್ಲದಿದ್ದರೆ ಈಜಿದ್ದು ಲೆಕ್ಕಕ್ಕಿಲ್ಲ ಅಂತ ಸದಾಶಿವಪ್ಪ ಮೇಷ್ಟ್ರು ನಮ್ಮಿಬ್ಬರಿಗೂ ಒಂದೇ ದಿನ ಹೇಳಿಕೊಟ್ಟರು. ಗೋಡೆಯ ಪ್ಯಾಡಿಗೆ ಒಂದು ಕೈ ಯಾವುದು ಎರಡು ಕೈ ಯಾವುದು ಗೊತ್ತಾಗಲ್ಲ, ಮೊದಲು ಮುಟ್ಟಿದ್ದಕ್ಕೆ ಗಡಿಯಾರ ನಿಲ್ಲಿಸುತ್ತೆ. ಕೈ ಎಣಿಸೋಕೆ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿರುತ್ತಾರೆ. ಅವನು ನೋಡಲಿಲ್ಲ. ನಾನು ನೋಡಿದೆ.

ಜೂನ್‌ನಿಂದ ಕುಂತೂರು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಟೋಕನ್ ಕೊಡುವ ಕೆಲಸ. ಈಜು ಬಿಟ್ಟಿಲ್ಲ.

ಶಾಂತರಾಜು


ಬೆಂಗಳೂರು
8 ಜೂನ್ 2025

ಶಾಂತರಾಜು,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಯಾರಾದರೂ ಬೇರೆಯವರು ಹೇಳಿದ್ದರೆ ನಕ್ಕು ಬಿಡುತ್ತಿದ್ದೆ.

ನೀರಿನೊಳಗೆ, ಅಷ್ಟು ಗುಳ್ಳೆ ಎದ್ದಿರುವಾಗ, ಕೊನೆಯ ಹೊಡೆತ ಹೊಡೆಯುತ್ತಾ ನೀನು ನನ್ನ ಎಡಗೈ ಎಲ್ಲಿದೆ ಅಂತ ನೋಡಿದೆಯಾ? ನಾನು ನಿನ್ನ ಕೈ ನೋಡಲಿಲ್ಲ. ನನ್ನ ಕೈ ನಾನೇ ನೋಡಲಿಲ್ಲ. ನಾನು ಗೋಡೆ ನೋಡುತ್ತಿದ್ದೆ. ನೀನೂ ಗೋಡೆ ನೋಡಿದ್ದರೆ ಆ ಐದು ಪಾಲು ನಿನಗೇ ಸಿಗುತ್ತಿತ್ತೋ ಏನೋ.

ಅನುಮಾನ ಇದ್ದರೆ ದೂರು ಕೊಡೋಕೆ ಅರ್ಧ ಗಂಟೆ ಕಾಲ ಇರುತ್ತೆ. ನಿಯಮ ನಿನಗೂ ಗೊತ್ತು. ಆಗ ಯಾಕೆ ಸುಮ್ಮನಿದ್ದೆ? ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋಗೆ ಬೇರೆ ನಿಂತೆ. ಆಮೇಲೆ ಊರಿಗೆ ಹೋಗಿ ನಂಬರ್ ಬ್ಲಾಕ್ ಮಾಡಿದೆ. ಇದು ಯಾವ ಸೀಮೆ ನ್ಯಾಯ?

ಅಪ್ಪ ಕೊಳ್ಳೇಗಾಲದಲ್ಲಿ ನಮ್ಮ ಗೊಬ್ಬರದಂಗಡಿ ಮುಂದೆ ಫ್ಲೆಕ್ಸ್ ಕಟ್ಟಿಸಿದ್ದಾರೆ. ನನ್ನ ಮುಖ ನನಗಿಂತ ದೊಡ್ಡದು. ಯಳಂದೂರಿನ ದೊಡ್ಡಪ್ಪ ಶಿವಕುಮಾರಸ್ವಾಮಿ ಪಾಸ್‌ಪೋರ್ಟಿನ ಕೆಲಸಕ್ಕೆ ಅಂತ ಮೂರು ಸಲ ಬೆಂಗಳೂರಿಗೆ ಬಂದರು. ಹನೂರಿನಿಂದ ಕೌದಳ್ಳಿಯವರೆಗೆ ಅಪ್ಪ ಫೋನ್ ಮಾಡದ ನೆಂಟರಿಲ್ಲ. ಇದೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನೀನು ಬರೆದ ಮಾತು ನಮ್ಮಿಬ್ಬರ ಮಧ್ಯೆ ಇದ್ದರೆ ಸಾಕು. ಬೇರೆಯವರ ಕಿವಿಗೆ ಬಿದ್ದರೆ ಅದು ನಿಜವೋ ಸುಳ್ಳೋ ಅಂತ ಯಾರೂ ಕೇಳಲ್ಲ.

ನನ್ನ ಕೈ ಸರಿಯಾಗಿತ್ತು.

ಬಸವೇಶ


ಕುಂತೂರು
3 ಜುಲೈ 2025

ಬಸವೇಶ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಾಲ್ಕು ಸಾಲು ಬರೆದೆ, ನೀನು ಎರಡು ಪುಟ ಬರೆದಿದ್ದೀಯ. ಟೋಕನ್ ಕೊಡುವ ಗೂಡಿನಲ್ಲಿ ಕೂತು ಉತ್ತರ ಬರೆಯುತ್ತಿದ್ದೇನೆ. ಹೊರಗೆ ಇಪ್ಪತ್ತು ಟ್ರ್ಯಾಕ್ಟರ್ ನಿಂತಿವೆ, ಎಲ್ಲರಿಗೂ ಅವಸರ.

ಯಾಕೆ ಸುಮ್ಮನಿದ್ದೆ ಅಂತ ಕೇಳಿದ್ದೀಯ. ನೀನೇ ಹೇಳುತ್ತೀಯ ಅಂತ ಸುಮ್ಮನಿದ್ದೆ. ನಾನು ಲೇನಿನ ಹಗ್ಗ ಹಿಡಿದು ನಿನ್ನನ್ನೇ ನೋಡುತ್ತಿದ್ದೆ. ನೀನು ಬೋರ್ಡ್ ನೋಡಿದೆ, ಆಮೇಲೆ ನನ್ನನ್ನು ನೋಡಿದೆ, ಆಮೇಲೆ ಈಜು ಕನ್ನಡಕ ತೆಗೆಯದೆ ಆ ಕಡೆ ತಿರುಗಿಕೊಂಡೆ. ಅರ್ಧ ಗಂಟೆ ಅಂತ ನಿಯಮ ಇರೋದು ದೂರು ಕೊಡುವವನಿಗೆ. ನಾನು ಅದನ್ನು ನಿನಗೆ ಕೊಟ್ಟೆ. ಸಣ್ಣ ಕೊಳದ ಹತ್ತಿರ ಕೂತು ಗೋಡೆ ಗಡಿಯಾರ ನೋಡುತ್ತಾ ಕಾದೆ. ನೀನು ಫೋಟೋಗೆ ಕರೆದೆ, ನಾನು ಬಂದು ನಿಂತೆ.

ಇನ್ನು ನಿನ್ನ ಕೈ ಯಾಕೆ ಹಾಗೆ ಅಂತ ನಿನಗೇ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹೊಳೆಯಲ್ಲಿ ಆನೆಬಂಡೆಯಿಂದ ಮೆಟ್ಟಿಲವರೆಗೆ ನಾವು ಪಂದ್ಯ ಕಟ್ಟುತ್ತಿದ್ದೆವಲ್ಲ. ಕೊನೆಯ ಮೆಟ್ಟಿಲ ಬಸವನ ಕಲ್ಲು ಮುಟ್ಟಿದವನು ಗೆದ್ದ. ನಿಮ್ಮಜ್ಜಿ ಚನ್ನಾಜಮ್ಮ ಮೇಲೆ ನಿಂತು, ‘ಬಲಗೈ ಕಣ್ಲಾ, ಎಡಗೈ ತಗುಲಿಸ್ಬ್ಯಾಡ, ದ್ಯಾವ್ರು’ ಅಂತ ಕೂಗುತ್ತಿದ್ದರು. ನೀನು ಬಲಗೈ ಚಾಚುತ್ತಿದ್ದೆ, ಎಡಗೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಆರು ವರ್ಷದವನಿದ್ದಾಗಿನಿಂದ ದಿನಾ ಅದೇ.

ನಾನು ಆ ಕಲ್ಲು ಮುಟ್ಟುವ ಹಾಗಿರಲಿಲ್ಲ. ನಮ್ಮ ಕೇರಿಯ ಹುಡುಗರಿಗೆ ಅದರ ಕೆಳಗಿನ ಒಗೆಯೋ ಕಲ್ಲು. ಅದು ಒಂದು ಮಾರು ಆಚೆಗೆ, ಮೇಲೆಲ್ಲ ಪಾಚಿ. ಒಂದು ಸಲ ಒಂದೇ ಕೈಲಿ ಹಿಡಿಯೋಕೆ ಹೋಗಿ ಜಾರಿ ಗದ್ದ ಒಡೆದುಕೊಂಡೆ. ಅಂದಿನಿಂದ ಎರಡೂ ಕೈ ಒಟ್ಟಿಗೆ ಊರುತ್ತೇನೆ. ನೀನು ದೇವರನ್ನು ಮುಟ್ಟಿ ಕಲಿತೆ, ನಾನು ಸೋಪಿನ ಕಲ್ಲು ಮುಟ್ಟಿ ಕಲಿತೆ. ನಿಯಮಕ್ಕೆ ನನ್ನದೇ ಸರಿಹೋಯಿತು ನೋಡು.

ಒಂದು ವಿಷಯ ಮೇಷ್ಟ್ರ ಕೈಲಿ ವಿಚಾರಿಸಿದೆ. ಹೆಸರು ಬದಲಾಯಿಸೋಕೆ ಆಗಸ್ಟ್ ಹತ್ತರವರೆಗೆ ಅವಕಾಶ ಇದೆಯಂತೆ. ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹತ್ತನೇ ತಾರೀಕು ಮಾತ್ರ ನೆನಪಿರಲಿ.

ಶಾಂತರಾಜು


ಬೆಂಗಳೂರು
14 ಜುಲೈ 2025

ಶಾಂತ,

ಈ ಕಾಗದ ಓದಿ ಹರಿದು ಹಾಕು.

ಮೊನ್ನೆ ಕೋಚ್ ನೀರಿನೊಳಗಿನ ಕ್ಯಾಮೆರಾದಲ್ಲಿ ನನ್ನ ಮುಗಿಸುವ ಹೊಡೆತ ತೆಗೆದರು. ಹತ್ತು ಸಲ ಈಜಿಸಿ, ಟೀವಿಯಲ್ಲಿ ನಿಧಾನಕ್ಕೆ ಓಡಿಸಿ, ಎಲ್ಲರ ಮುಂದೆ ತೋರಿಸಿದರು. ಹತ್ತರಲ್ಲಿ ಏಳು ಸಲ ಬಲಗೈ ಗೋಡೆ ಮೇಲೆ, ಎಡಗೈ ಒಂದು ಗೇಣು ಹಿಂದೆ. ಬೆರಳು ಮಡಿಸಿಕೊಂಡು, ಬಿಸಿ ಪಾತ್ರೆ ಮುಟ್ಟೋಕೆ ಹಿಂಜರಿಯುವವರ ಕೈ ಥರ. ಇದನ್ನ ಎಲ್ಲಿ ಕಲಿತೆ ಅಂತ ಕೋಚ್ ಕೇಳಿದರು. ಗೊತ್ತಿಲ್ಲ ಸರ್ ಅಂದೆ. ನಿನ್ನ ಕಾಗದ ನನ್ನ ಚೀಲದಲ್ಲಿತ್ತು.

ಈಗ ಬೆಳಿಗ್ಗೆ ಸಂಜೆ ಅದೇ ಕೆಲಸ. ಗೋಡೆಯಿಂದ ಹತ್ತು ಮೀಟರ್ ಹಿಂದೆ ನಿಂತು ಬಂದು ಬಂದು ಮುಟ್ಟುವುದು. ನಿಧಾನಕ್ಕೆ ಬಂದರೆ ಎರಡೂ ಸರಿಯಾಗಿ ಬೀಳುತ್ತವೆ. ಜೋರಾಗಿ ಬಂದರೆ ಬಲಗೈ ಓಡುತ್ತೆ, ಎಡಗೈ ನಿಂತುಬಿಡುತ್ತೆ. ಬಲಗೈ ಹಿಡಿದುಕೊಂಡು ಎಡಗೈಗೆ ಕಾದರೆ ನನ್ನ ಸಮಯ 24.58. ಅಷ್ಟರಲ್ಲಿ ಬ್ಯಾಂಕಾಕಿನಲ್ಲಿ ಫೈನಲ್ ಕೂಡ ಮುಟ್ಟಲ್ಲ. ನೀನು ಇಲ್ಲಿದ್ದಿದ್ದರೆ 24.36 ಹಾಗೇ ಇರುತ್ತಿತ್ತು ಅಂತ ನನಗೆ ಗೊತ್ತು. ಕೋಚಿಗೂ ಗೊತ್ತಾದರೆ ಏನಾಗುತ್ತೆ ಅಂತಲೇ ದಿನಾ ಯೋಚನೆ.

ಏಪ್ರಿಲ್‌ನಲ್ಲಿ ಏನಾಯಿತು ಅಂತ ನನಗೆ ಈಗಲೂ ಖಾತ್ರಿಯಿಲ್ಲ. ಆಗಿದ್ದರೂ ಆಗಿರಬಹುದು. ಅಷ್ಟು ಮಾತ್ರ ಹೇಳಬಲ್ಲೆ.

ನೀನು ಎಡಗೈಗೆ ಏನು ಹೇಳುತ್ತೀಯ? ನಿನ್ನ ಕೈ ಹೇಗೆ ಒಟ್ಟಿಗೆ ಬರುತ್ತೆ? ಕೇಳೋಕೆ ನಾಚಿಕೆಯಾಗುತ್ತೆ, ಆದರೂ ಕೇಳುತ್ತಿದ್ದೇನೆ. ನಿನ್ನ ಬಿಟ್ಟು ಇನ್ಯಾರನ್ನು ಕೇಳಲಿ?

ಬಸವೇಶ


ಮುಳ್ಳೂರು
26 ಜುಲೈ 2025

ಬಸವೇಶ,

ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ. ಮೆಟ್ಟಿಲು ಪೂರ್ತಿ ಮುಳುಗಿದೆ, ಹೊಳೆ ನಿಮ್ಮ ಬಾಳೆತೋಟದ ಬದುವಿಗೆ ಬಂದಿದೆ. ನಾನು ವಾರದಿಂದ ಹೊಳೆಗೆ ಇಳಿದಿಲ್ಲ. ಟ್ರ್ಯಾಕ್ಟರ್ ಟೈರಿನ ಟ್ಯೂಬು ಕತ್ತರಿಸಿ ಹೊಂಗೆ ಮರಕ್ಕೆ ಕಟ್ಟಿ ಕೈ ಎಳೆಯುತ್ತೇನೆ. ನನ್ನಕ್ಕ ಪದ್ಮಿನಿ ಹನೂರಿನಿಂದ ಬಂದವಳು ನೋಡಿ, ‘ಮರನೇ ಕಿತ್ಕಂಡು ಬತ್ತದೆ ಕಣ್ಲಾ’ ಅಂತ ನಕ್ಕಳು.

ಎಡಗೈಗೆ ನಾನೇನೂ ಹೇಳಲ್ಲ. ಹೇಳಬೇಕಾದವರು ಬೇರೆಯವರು ಅಂತ ಅನ್ನಿಸಿತು. ಅದಕ್ಕೆ ಭಾನುವಾರ ನಿಮ್ಮ ಮನೆಗೆ ಹೋದೆ. ಜಗಲಿಯಲ್ಲಿ ನಿಂತು ಅಜ್ಜಿಯನ್ನು ಕರೆದೆ. ನಿಮ್ಮ ಮೊಮ್ಮಗನ ಎಡಗೈ ನಿಮ್ಮ ಮಾತಿಗೆ ಹೆದರಿ ಇನ್ನೂ ಹಿಂದೆ ನಿಂತಿದೆ, ಮುಂದೆ ಬಾ ಅಂತ ನೀವೇ ಹೇಳಬೇಕು ಅಂದೆ. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಲಗೈ ಅಂದಿದ್ದು ಬಸವಣ್ಣನಿಗೆ, ಊರೂರಿನ ಗೋಡೆಗಲ್ಲ, ಗೋಡೆಗೆ ಕಾಲಲ್ಲಿ ಬೇಕಾದರೂ ಒದೆಯಲಿ ಅಂದರು. ಇದನ್ನು ನಿನಗೆ ಬರೆಯೋಕೆ ಹೇಳಿದ್ದಾರೆ, ಬರೆದಿದ್ದೇನೆ.

ಆಮೇಲೆ, ನೀನು ಹೇಗಪ್ಪ ಎರಡು ಕೈಲಿ ಕಲಿತೆ, ನೀನೂ ಅವನ ಜೊತೆ ಅದೇ ಕಲ್ಲು ಮುಟ್ಟಿದವನಲ್ಲವಾ ಅಂತ ಕೇಳಿದರು. ಹನ್ನೊಂದು ವರ್ಷ ಮೇಲೆ ನಿಂತು ನಮ್ಮಿಬ್ಬರನ್ನೂ ನೋಡಿದ್ದಾರೆ. ನಾನು ಯಾವ ಕಲ್ಲು ಮುಟ್ಟುತ್ತಿದ್ದೆ ಅಂತ ಅವರು ನೋಡಿಯೇ ಇಲ್ಲ. ಇಲ್ಲ ಅಜ್ಜಿ, ನಾನು ಒಗೆಯೋ ಕಲ್ಲು ಅಂದೆ. ಅವರು ಒಳಗೆ ಹೋಗಿ ಒಂದು ಮೊರದ ತುಂಬ ಒಣ ಅವರೆಕಾಳು ತಂದು ಕೊಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ನೀನು ಕೇಳಿದ್ದಕ್ಕೆ ಇಷ್ಟು ಮಾಡಿದ್ದೇನೆ. ನಿನ್ನ ಕೈ ಸರಿಯಾದರೆ ಬ್ಯಾಂಕಾಕಿಗೆ ಹೋಗುವವನು ನೀನು, ಆಗದಿದ್ದರೆ ನಾನು. ಅದು ಗೊತ್ತಿದ್ದೂ ಮಾಡಿದ್ದೇನೆ. ನಾನು ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಖಾತ್ರಿಯಿಲ್ಲ ಅನ್ನುವುದು ಉತ್ತರ ಅಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿದೆ.

ಇನ್ನು ಹದಿನೈದು ದಿನ.

ಶಾಂತ


ಬೆಂಗಳೂರು
3 ಆಗಸ್ಟ್ 2025

ಶಾಂತ,

ಇದರ ಜೊತೆ ಇನ್ನೊಂದು ಹಾಳೆ ಇದೆ. ಮೊದಲು ಅದನ್ನು ಓದು.

ಆಯ್ಕೆ ಸಮಿತಿಗೆ ಬರೆದಿದ್ದೇನೆ. ಏಪ್ರಿಲ್ ಸ್ಪರ್ಧೆಯಲ್ಲಿ ನನ್ನ ಎಡಗೈ ತಡವಾಗಿ ಮುಟ್ಟಿರಬಹುದು, ಹಾಗಾಗಿ ನನ್ನ ಜಾಗವನ್ನು ಶಾಂತರಾಜುಗೆ ಕೊಡಬೇಕು ಅಂತ. ಸಹಿ ಹಾಕಿದ್ದೇನೆ. ತಾರೀಕು ಹಾಕಿಲ್ಲ. ವಿಳಾಸ ಬರೆದ ಕವರೂ ಇದೆ, ಸ್ಟ್ಯಾಂಪ್ ಅಂಟಿಸಿದೆ. ಕೊಳ್ಳೇಗಾಲದ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದರೆ ಎರಡು ದಿನದಲ್ಲಿ ಮುಟ್ಟುತ್ತೆ. ಹತ್ತನೇ ತಾರೀಕಿಗೆ ಸಾಕಷ್ಟು ಹೊತ್ತಿದೆ.

ಕಳಿಸಬೇಕು ಅನ್ನಿಸಿದರೆ ಕಳಿಸು. ನಾನು ಅದನ್ನು ಬರೆದಿಲ್ಲ ಅಂತ ಯಾರಿಗೂ ಹೇಳಲ್ಲ, ನಿನ್ನ ಮೇಲೆ ಸಿಟ್ಟೂ ಮಾಡಿಕೊಳ್ಳಲ್ಲ. ಕಳಿಸಬಾರದು ಅನ್ನಿಸಿದರೆ ಒಲೆಗೆ ಹಾಕು. ಯಾವುದು ಮಾಡಿದರೂ ನಾವಿಬ್ಬರೂ ಮೊದಲಿನ ಹಾಗೇ ಇರೋಣ.

ನನ್ನ ಕೈ ಈಗ ಸುಧಾರಿಸಿದೆ. ಅಜ್ಜಿ ಫೋನ್‌ನಲ್ಲೂ ಹೇಳಿದರು, ‘ಎಲ್ಡೂ ಕೈ ಊರ್ಲಾ ಮಗ, ನನ್ ಮಾತ್ ಮರ್ತ್ಬುಡು’ ಅಂತ. ಅದಾದ ಮೇಲೆ ಹತ್ತರಲ್ಲಿ ಒಂಬತ್ತು ಸರಿ ಬೀಳುತ್ತಿದೆ. ನಿನ್ನೆ 24.28 ಬಂತು, ಎರಡೂ ಕೈ ಒಟ್ಟಿಗೆ. ಇದನ್ನು ನಿನಗೆ ಹೇಳದೆ ಇರೋದು ಮೋಸ ಅನ್ನಿಸಿತು, ಅದಕ್ಕೆ ಬರೆದೆ.

ನಿನ್ನ
ಬಸವೇಶ


ಕುಂತೂರು
7 ಆಗಸ್ಟ್ 2025

ಬಸವೇಶ,

ನಿನ್ನ ಹಾಳೆ, ಕವರು, ಸ್ಟ್ಯಾಂಪು ಎಲ್ಲ ಇದರೊಳಗೆ ವಾಪಸ್ ಇಟ್ಟಿದ್ದೇನೆ. ಫ್ಯಾಕ್ಟರಿಯ ಸುವರ್ಣಮ್ಮನ ಮಗ ಇವತ್ತು ಬೆಂಗಳೂರಿಗೆ ಬರುತ್ತಿದ್ದಾನೆ, ಸಂಜೆಯೊಳಗೆ ನಿನ್ನ ಕೈಗೇ ಕೊಡುತ್ತಾನೆ. ತಡವಾಗಿ ಸಿಕ್ಕಿತು ಅಂತ ಹೇಳಬೇಡ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಳ್ಳೆಯದು. ಆದರೆ ಹೊಡೆಯುವ ಕೆಲಸ ನನಗೆ ಯಾಕೆ? ನಾನು ಕಳಿಸಿದರೆ ನಿನ್ನ ಜಾಗ ಕಿತ್ತುಕೊಂಡವನು. ಕಳಿಸದಿದ್ದರೆ ನಿನಗೆ ಕ್ಷಮೆ ಕೊಟ್ಟವನು. ಎರಡೂ ನನಗೆ ಬೇಡ. ನಿನ್ನ ಶಿಬಿರದಿಂದ ಸಮಿತಿ ಕಚೇರಿಗೆ ಒಂದು ರಸ್ತೆ ದಾಟಬೇಕು ಅಂತ ಮೇಷ್ಟ್ರು ಹೇಳಿದರು.

ನನ್ನ ಪಾಸ್‌ಪೋರ್ಟ್ ಬಂದಿದೆ. ಚೀಲದಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೇನೆ. ಇದನ್ನು ಹೇಳಬಾರದು ಅಂದುಕೊಂಡಿದ್ದೆ.

ಶಾಂತರಾಜು


ಬ್ಯಾಂಕಾಕ್
28 ಆಗಸ್ಟ್ 2025

ಶಾಂತ,

ಇಪ್ಪತ್ತು ದಿನ ನಿನಗೆ ಬರೆಯಲಿಲ್ಲ. ಏನು ಬರೆಯಲಿ? ನಾನು ಇಲ್ಲಿದ್ದೇನೆ ಅಂದರೆ ರಸ್ತೆ ದಾಟಲಿಲ್ಲ ಅಂತಲೇ ಅರ್ಥ. ಒಂಬತ್ತನೇ ತಾರೀಕು ಅಪ್ಪ ಶಿಬಿರಕ್ಕೆ ಬಂದಿದ್ದರು. ಹೊಸ ಸೂಟ್‌ಕೇಸ್ ತಂದಿದ್ದರು, ಒಳಗೆ ಅಮ್ಮ ಮಾಡಿದ ಚಕ್ಕುಲಿ ಇತ್ತು. ಇದನ್ನು ನೆಪ ಅಂತ ಹೇಳುತ್ತಿಲ್ಲ. ಆ ದಿನ ಹೀಗೆ ಹೋಯಿತು ಅಂತ ಹೇಳಿದೆ.

ಇವತ್ತು ಬೆಳಿಗ್ಗೆ ಹೀಟ್ಸ್, ಸಂಜೆ ಸೆಮಿಫೈನಲ್. ಬೆಳಿಗ್ಗೆ 24.25. ಸಂಜೆ 24.11. ಎರಡೂ ಸಲ ಎರಡೂ ಕೈ ಒಟ್ಟಿಗೆ ಬಿದ್ದವು, ನಾನೇ ನೋಡಿದೆ. ಐದನೆಯವನಾಗಿ ಫೈನಲ್ ತಲುಪಿದ್ದೇನೆ. ನಾಳೆ ಸಂಜೆ ಆರು ನಲವತ್ತಕ್ಕೆ. ಮೂರನೆಯವನಿಗೂ ನನಗೂ ಹನ್ನೆರಡು ಪಾಲಿನ ಅಂತರ.

ಕೂತರೆ ನಿಂತರೆ ಎಡಗೈ ಹಿಸುಕಿಕೊಳ್ಳುತ್ತಿದ್ದೇನೆ. ಪಕ್ಕದ ಹಾಸಿಗೆಯವನು ಕೈ ನೋವಾ ಅಂತ ಕೇಳಿದ. ಹೂಂ ಅಂದೆ.

ಬಸವೇಶ


ಬ್ಯಾಂಕಾಕ್
30 ಆಗಸ್ಟ್ 2025

ಶಾಂತ,

ಪೇಪರಿನವರು ಏನೇನೋ ಬರೆಯುತ್ತಾರೆ. ಆಗಿದ್ದು ಇಷ್ಟು.

ನಾನು ಎರಡನೇ ಲೇನ್. ನಲವತ್ತು ಮೀಟರಿನವರೆಗೆ ಯಾರೂ ನನಗೆ ಕಾಣಲಿಲ್ಲ. ಕೊನೆಯ ಐದು ಮೀಟರಿನಲ್ಲಿ ಮೂರನೇ ಲೇನಿನವನ ಕೈ ನನ್ನ ಪಕ್ಕಕ್ಕೆ ಬಂತು. ಅದನ್ನು ನೋಡಿದ್ದೇ ತಪ್ಪಾಯಿತು. ನನ್ನ ಬಲಗೈ ನನ್ನನ್ನು ಕೇಳದೆ ಮುಂದೆ ಹೋಯಿತು. ಎಡಗೈ ಉಳಿಯಿತು. ತಲೆ ಎತ್ತಿದಾಗ ಬೋರ್ಡಿನಲ್ಲಿ ನನ್ನ ಹೆಸರು ಮೂರನೆಯದು, 23.97. ಅವನು ನಾಲ್ಕನೆಯವನು, 23.99. ಮೇಲೆ ನಿಂತವರು ಯಾರೂ ತಪ್ಪು ಅಂತ ಕೈ ಎತ್ತಲಿಲ್ಲ.

ಅವನು ಹಗ್ಗ ಹಿಡಿದು ನನ್ನನ್ನು ನೋಡುತ್ತಿದ್ದ. ಯಾವ ದೇಶದವನೋ, ಟೋಪಿಯ ಬಾವುಟ ನನಗೆ ಗೊತ್ತಾಗಲಿಲ್ಲ. ಸಿಟ್ಟಿರಲಿಲ್ಲ. ಕಾಯುತ್ತಿದ್ದ. ಶಾಂತ, ಅದು ನಿನ್ನ ನೋಟ. ಏಪ್ರಿಲ್‌ನಲ್ಲಿ ನೀನು ಹಾಗೇ ನೋಡಿದ್ದೆ.

ನಾನು ನೀರಿನಿಂದ ಎದ್ದು ಮ್ಯಾನೇಜರಿಗೆ ಹೇಳಿದೆ. ಅವರು ನನ್ನ ತೋಳು ಹಿಡಿದು, ಬಾಯಿ ಮುಚ್ಚಿಕೊಂಡು ಟವೆಲ್ ಹೊದ್ದುಕೋ ಅಂದರು. ಬಿಡಿಸಿಕೊಂಡು ರೆಫರಿ ಮೇಜಿಗೆ ಹೋದೆ. ನನ್ನ ಇಂಗ್ಲಿಷ್ ಆ ಹೊತ್ತಿಗೆ ಬರಲಿಲ್ಲ, ಕೈ ಮುಂದೆ ಚಾಚಿ ತೋರಿಸಿದೆ, ಇದು ಮೊದಲು, ಇದು ಆಮೇಲೆ. ಅವರು ಕ್ಯಾಮೆರಾ ನೋಡಿದರು. ಎರಡು ಸಲ ನೋಡಿದರು. ಬೋರ್ಡಿನಿಂದ ನನ್ನ ಹೆಸರು ಹೋಯಿತು. ಅವನು ಮೂರನೆಯವನಾದ. ಮುಖ ಮುಚ್ಚಿಕೊಂಡು ಅತ್ತ.

ನಿನಗೆ ಇನ್ನೊಂದು ಮಾತು ಬಾಕಿ ಇದೆ. ಏಪ್ರಿಲ್‌ನಲ್ಲಿ ನನಗೆ ಗೊತ್ತಿತ್ತು. ಗೋಡೆ ಮುಟ್ಟಿದ ಕ್ಷಣದಲ್ಲೇ ಗೊತ್ತಿತ್ತು. ಅದಕ್ಕೇ ಕನ್ನಡಕ ತೆಗೆಯಲಿಲ್ಲ. ನಿನಗೆ ಬರೆದ ಮಿಕ್ಕಿದ್ದೆಲ್ಲ ಸುಳ್ಳು. ನಿನ್ನೆ ನಾನು ಮಾಡಿದ್ದು ನಿನಗಾಗಿ ಅಂತ ತಿಳಿದುಕೋ. ಈಗ ನನ್ನ ಮನಸ್ಸು ಹಗುರಾಗಿದೆ.

ನಿನ್ನ
ಬಸವೇಶ


ಮುಳ್ಳೂರು
14 ಸೆಪ್ಟೆಂಬರ್ 2025

ಬಸವೇಶ,

ನಿನ್ನ ಕಾಗದ ಮೂರು ಸಲ ಓದಿದೆ. ನೀನು ಅಪ್ಪನಿಗೆ ಮುಖ ತೋರಿಸಲಾರದೆ ಬೆಂಗಳೂರಿನಲ್ಲೇ ಉಳಿದಿದ್ದೀಯ ಅಂತ ಮಧುಶ್ರೀ ಹೇಳಿದಳು. ಅದಕ್ಕೆ ಊರಿನ ವಿಷಯ ಮೊದಲು ಬರೆಯುತ್ತೇನೆ.

ಮೂರನೇ ಸ್ಥಾನ ಅಂತ ಫೋನ್ ಬಂದಾಗ ನಿಮ್ಮಪ್ಪ ಅಂಗಡಿ ಮುಂದೆ ಪಟಾಕಿ ಹೊಡೆಸಿದರು. ಆಮೇಲೆ ತೆಗೆದುಹಾಕಿದರಂತೆ ಅಂತ ಬಂತು. ಮೊದಲು ಆ ರೆಫರಿಗೆ ಬೈದರು, ಆಮೇಲೆ ಆ ದೇಶಕ್ಕೇ ಬೈದರು. ನೀನೇ ಹೋಗಿ ಹೇಳಿದ್ದು ಅಂತ ತಿಳಿದ ಮೇಲೆ ಯಾರಿಗೂ ಬೈಯಲಿಲ್ಲ. ಗೊಬ್ಬರದ ಮೂಟೆ ಮೇಲೆ ಸುಮ್ಮನೆ ಕೂತಿದ್ದರು. ನಾನು ಹೋಗಿ ನಿಂತು, ನಿಮ್ಮ ಮಗ ಮಾಡಿದ್ದು ಸರಿ ಅಂದೆ. ಅವರು ತುಂಬಾ ಹೊತ್ತು ನನ್ನ ಮುಖ ನೋಡಿದರು. ‘ನೀನಾಗಿದ್ರೆ ಒಪ್ಕತಿದ್ಯೇನ್ಲಾ?’ ಅಂತ ಕೇಳಿದರು. ನನ್ನ ಎರಡು ಕೈಯೂ ಸರಿಯಾಗಿ ಮುಟ್ಟುತ್ತವೆ ಸ್ವಾಮಿ, ಒಪ್ಪಿಕೊಳ್ಳುವುದು ಏನೂ ಇರುತ್ತಿರಲಿಲ್ಲ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ನೀನು ಮಾಡಿದ್ದು ಸರಿ. ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ. ಯಾರೂ ನೋಡದ್ದನ್ನು ಎದ್ದು ಹೋಗಿ ಹೇಳುವುದು ಸುಲಭವಲ್ಲ. ನಾನಿದ್ದರೆ ನಿನ್ನ ಪಕ್ಕ ನಿಂತಿರುತ್ತಿದ್ದೆ.

ಆದರೆ ಅದು ನನಗಾಗಿ ಮಾಡಿದ್ದು ಅನ್ನಬೇಡ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನೀನು ಕೊಟ್ಟಿದ್ದು ಅವನಿಗೆ ಸಿಕ್ಕಿತು, ನನಗೆ ಸಿಕ್ಕಿದ್ದು ಕಾಗದ. ನಿನ್ನ ಮನಸ್ಸು ಹಗುರಾಯಿತು ಅಂತ ಬರೆದಿದ್ದೀಯ. ನನ್ನದು ಆಗಲಿಲ್ಲ. ನನಗೆ ಅಳು ಬಂತು, ಯಾರಿಗೂ ತೋರಿಸಲಿಲ್ಲ. ನಾಳೆಯಿಂದ ಎರಡನೇ ಪಾಳಿ, ಬೆಳಿಗ್ಗೆ ಮೈಸೂರಿನ ಕೊಳಕ್ಕೆ ಹೋಗಿ ಬರೋಕೆ ಆಗುತ್ತೆ. ಜನವರಿಯಲ್ಲಿ ಮತ್ತೆ ಆಯ್ಕೆ ಇದೆ. ನೀನೂ ಬಾ, ಈಜೋಣ.

ಅವನ ಹೆಸರು ನಿನ್ನ ಕಾಗದದಲ್ಲಿ ಹುಡುಕಿದೆ. ಇಲ್ಲ. ದೇಶವೂ ಇಲ್ಲ. ಅವನು ಒಂದು ಸಲ ನೋಡಿದ್ದಕ್ಕೆ ನೀನು ಐದು ನಿಮಿಷದಲ್ಲಿ ಎದ್ದು ಹೋದೆ. ನಾನು ನೋಡಿದ್ದಕ್ಕೆ ನೀನು ನಾಲ್ಕು ತಿಂಗಳು ಸುಳ್ಳು ಬರೆದೆ. ನನ್ನ ಮುಂದೆ ನಿನಗೆ ನಾಚಿಕೆಯಾಗಬೇಕಿದ್ದರೆ ನಾನು ಯಾವ ದೇಶದವನಾಗಿರಬೇಕಿತ್ತು ಬಸವೇಶ?

ಶಾಂತರಾಜು